ಮೃತ ಖಾತೆದಾರರು ಪ್ರತಿದಿನ ಡಾಲರ್ ವ್ಯಾಪಾರ ಮಾಡುತ್ತಿರುವ ಬಗ್ಗೆ

ದಿನಾಂಕ: 24-7-2009

ಇಂದ,
ಶ್ರೀಮತಿ ಅಪೇಕ್ಷಾ, ಎಂ.ಎಸ್ಸಿ. (ಸಂಖ್ಯಾಶಾಸ್ತ್ರ),
ದಿವಂಗತ ಅಚ್ಯುತ್ ಅವರ ಪತ್ನಿ
(ತಮ್ಮ ದಾಖಲೆಯ ಪ್ರಕಾರ: ಅಚ್ಯುತ್ ಅವರ ಪತ್ನಿ),
ಕೋಟೆ ಬೀದಿ, ಶಿಡ್ಲಘಟ್ಟ.

ಗೆ,
ಶಾಖಾ ವ್ಯವಸ್ಥಾಪಕರು,
ಷೇರು ಮತ್ತು ಕರೆನ್ಸಿ ದಲ್ಲಾಳಿ ಕಚೇರಿ,
ಮೂರನೇ ಮಹಡಿ, ಚಿಕ್ಕಬಳ್ಳಾಪುರ.

ವಿಷಯ: ನನ್ನ ಪತಿ ತೀರಿಕೊಂಡಿರುವುದನ್ನು ಒಪ್ಪಿಕೊಂಡು ಅವರ ಖಾತೆಯನ್ನು ಮುಚ್ಚುವ ಬಗ್ಗೆ.

ಉಲ್ಲೇಖ: 1. ಪುರಸಭೆಯ ಮರಣ ಪ್ರಮಾಣಪತ್ರ, ದಿ. 3-7-2009.
2. ತಾವು ನನ್ನ ಪತಿಗೆ ಬರೆದ ಅಭಿನಂದನಾ ಪತ್ರ, ದಿ. 17-7-2009.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಉಲ್ಲೇಖ (1) ಮತ್ತು (2) ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ. ತಪ್ಪು ನನ್ನದು. ಕಾರಣ, ನಡೆದದ್ದನ್ನು ಕೆಳಗೆ ವಿವರಿಸಿದ್ದೇನೆ.

1. ಜೂನ್ 23, ಮಂಗಳವಾರ, ಹನ್ನೊಂದನೇ ದಿನದ ತಿಥಿಯ ಮಾರನೇ ದಿನ. ನೆಂಟರೆಲ್ಲ ಹಿಂದಿನ ಸಂಜೆಯ ಬಸ್ಸಿಗೇ ಹೋಗಿದ್ದರು. ಹಾಲಿನವನು ಎಂದಿನಂತೆ ಹಾಲು ಹಾಕಿದ. ನಲ್ಲಿ ಬಂತು, ನೀರು ಹಿಡಿದೆ. ಕುಕ್ಕರ್ ಇಟ್ಟೆ. ಎಂಟೂ ಐವತ್ತಕ್ಕೆ ನಡುಮನೆಯ ಕಂಪ್ಯೂಟರ್ ಹಾಕಿದೆ. ಹತ್ತು ತಿಂಗಳಿಂದ ಅದು ನನ್ನ ಕೆಲಸ, ಏಕೆಂದರೆ ಆ ಹೊತ್ತಿಗೆ ನನ್ನ ಪತಿ ಸ್ನಾನಕ್ಕೆ ಹೋಗಿರುತ್ತಿದ್ದರು. ಒಂಬತ್ತಕ್ಕೆ ಪರದೆ ಕೇಳಿತು: “ಅಚ್ಯುತ್, ಇದ್ದೀರಾ?” ಬಚ್ಚಲಲ್ಲಿದ್ದಾರೆ ಎಂದುಕೊಂಡು, ಹೌದು ಎನ್ನುವ ‘ವೈ’ ಒತ್ತಿದೆ.

ಬಚ್ಚಲಲ್ಲಿ ಯಾರೂ ಇರಲಿಲ್ಲ. ಅವರು ಜೂನ್ 12ರಂದು ಚಿಂತಾಮಣಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ತೀರಿಕೊಂಡಿದ್ದರು. ಲಾರಿಯಲ್ಲಿ ಎಲೆಕೋಸು ಇತ್ತು.

2. ಸದರಿ ಪ್ರಶ್ನೆ ಕೇಳುವ ಪ್ರೋಗ್ರಾಮನ್ನು ಬರೆದವರು ನನ್ನ ಪತಿಯೇ. ಮುಂದಿನ ತಿಂಗಳ ಡಾಲರನ್ನು ಈ ತಿಂಗಳೇ ಕೊಂಡು ಮಾರುವ ಕರೆನ್ಸಿ ಫ್ಯೂಚರ್ಸ್ ವ್ಯಾಪಾರವನ್ನು ಅದು ತಾನಾಗಿಯೇ ಮಾಡುತ್ತದೆ. ತಾವು ಕೊಟ್ಟಿರುವ ವ್ಯಾಪಾರದ ಪರದೆಯನ್ನು ತಾನೇ ತೆರೆದು, ಗುಪ್ತಪದ ತಾನೇ ಹಾಕಿ, ಮೌಸಿನ ಬಾಣವನ್ನು ತಾನೇ ಓಡಿಸಿ ಗುಂಡಿ ಒತ್ತುತ್ತದೆ. ಸಂಜೆ ಐದಕ್ಕೆ ಮೊದಲು ಕೈಯಲ್ಲಿದ್ದುದನ್ನೆಲ್ಲ ಮಾರಿ ಸುಮ್ಮನಾಗುತ್ತದೆ. ಯಜಮಾನನಿಗೇನಾದರೂ ಆದರೆ ಅನಾಥವಾಗಿ ವ್ಯಾಪಾರ ಮಾಡಬಾರದೆಂದು ಬೆಳಿಗ್ಗೆ ಒಮ್ಮೆ ‘ಇದ್ದೀರಾ’ ಎಂದು ಕೇಳುತ್ತದೆ. ಐದು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಅಂದು ಕೆಲಸ ಮಾಡುವುದಿಲ್ಲ. ಯಜಮಾನನಿಗೆ ಹೆಂಡತಿ ಇರುವ ಸಂಗತಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಅದರ ತತ್ವ ನನ್ನ ಮಾವ ದಿವಂಗತ ಪುಟ್ಟಸ್ವಾಮಯ್ಯನವರದು. ಇವರು ಇಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಬರೆಯುವ ಗುಮಾಸ್ತರಾಗಿದ್ದರು. ಗೂಡು ಕೊಳ್ಳಲು ಬರುವ ರೀಲರುಗಳಿಗೆ ಹೇಳುತ್ತಿದ್ದುದು ಒಂದೇ ಮಾತು: “ಎಷ್ಟರವರೆಗೆ ಕೂಗ್ತೀಯ ಅಂತ ಮನೇಲೇ ಚೀಟಿ ಬರ್ದು ಜೇಬಲ್ಲಿಟ್ಕೊಂಡು ಬಾರಪ್ಪ. ಗೂಡು ಕೈಗೆ ಬಂದ್ಮೇಲೆ ಬರೀಬೇಡ, ಕೈ ಮಾತು ಕೇಳಲ್ಲ.” ಪ್ರೋಗ್ರಾಮು ಎಂದರೆ ಆ ಚೀಟಿ. ಆದರೆ ನನ್ನ ಪತಿ ದಿನಾ ಹನ್ನೊಂದು ಗಂಟೆಗೆ ಚೀಟಿಯನ್ನು ಪಕ್ಕಕ್ಕೆ ಸರಿಸಿ ಕೈ ಹಾಕುತ್ತಿದ್ದರು.

“ಇವತ್ತೊಂದಿನ ಕಣೇ. ಇವತ್ತು ಮಿಷನ್‌ಗೆ ಅರ್ಥ ಆಗ್ತಿಲ್ಲ.”

“ನಿನ್ನೆನೂ ಅರ್ಥ ಆಗ್ಲಿಲ್ಲ ಅಂದ್ರಿ.”

“ನಿನ್ನೆ ಬೇರೆ.”

ಈ ‘ಬೇರೆ’ಯ ಪರಿಣಾಮ ತಮ್ಮ ದಾಖಲೆಯಲ್ಲಿದೆ. ನಿಂತಲ್ಲೇ ಖರೀದಿಸಿ ಅಲ್ಲೇ ಮಾರುವ ಸ್ಪಾಟ್ ಫಾರೆಕ್ಸ್ ಎಂಬ ಇನ್ನೊಂದು ವ್ಯಾಪಾರಕ್ಕೆ ನಮ್ಮಲ್ಲಿ ಅನುಮತಿ ಇಲ್ಲದ ಕಾರಣ ಅದನ್ನು ಅವರು ಯಾವುದೋ ವಿದೇಶಿ ತಾಣದ ಅಭ್ಯಾಸದ ಖಾತೆಯಲ್ಲಿ, ಸುಳ್ಳು ಹಣದಲ್ಲಿ ಆಡುತ್ತಿದ್ದರು. ಅಲ್ಲಿ ಅವರು ಬಹಳ ಶ್ರೀಮಂತರು. ಅದನ್ನು ಮುಚ್ಚುವ ಬಗ್ಗೆ ಯಾರಿಗೆ ಅರ್ಜಿ ಹಾಕಬೇಕೋ ತಿಳಿಯದು.

3. ಒಂದು ಸಲ ಕೈತಪ್ಪಿ ಒತ್ತಿದ್ದನ್ನು ಎರಡನೇ ದಿನ ಏಕೆ ನಿಲ್ಲಿಸಲಿಲ್ಲ ಎಂದು ತಾವು ಕೇಳಬಹುದು. ಕಾರಣ, ನನ್ನ ಅತ್ತೆ ರಾಧಮ್ಮನವರು.

ತಿಥಿಯ ದಿನ ತಾರಸಿಯ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಒಂದೂವರೆ ಗಂಟೆ ಕಾದೆವು. ಎದುರುಮನೆ ಅಕ್ಕಯ್ಯಮ್ಮನವರು “ಏನೋ ಆಸೆ ಉಳಿಸ್ಕೊಂಡಿದಾನೆ” ಎಂದರು. ಕೊನೆಗೆ ಹಸುವಿಗೆ ಕೊಟ್ಟದ್ದಾಯಿತು. ಮಾರನೇ ದಿನ ನಾನು ‘ವೈ’ ಒತ್ತಿ ಅಡುಗೆಮನೆಗೆ ಹೋಗಿದ್ದಾಗ ಅತ್ತೆ ಕೂಗಿದರು.

“ಅಪೇಕ್ಷಾ, ಬಾರಮ್ಮ ಇಲ್ಲಿ! ಅಚ್ಚು ಬಂದಿದಾನೆ ಕಣೇ! ನೋಡು, ಕೈಯಾಡಿಸ್ತಾ ಇದಾನೆ!”

ಪರದೆಯ ಮೇಲೆ ಬಾಣ ತಾನಾಗಿಯೇ ಓಡಾಡುತ್ತಿತ್ತು. ಮುಟ್ಟಿದವರಿಲ್ಲ. ಅದು ಪ್ರೋಗ್ರಾಮು ಎಂದು ಹೇಳಿದೆ.

“ಬರೆದೋನು ಯಾರು?”

“ಅವರೇ.”

“ಮತ್ತೆ? ಇಷ್ಟೆಲ್ಲ ಇಟ್ಕೊಂಡು ಕಾಗೆಯಾಗಿ ಯಾಕೆ ಬರ್ತಾನೆ?”

ಎಂ.ಎಸ್ಸಿ.ಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಅಂದಿನಿಂದ ಅವರು ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಪರದೆಯ ಮುಂದೆ ಕೂರಲಾರಂಭಿಸಿದರು. ಪಕ್ಕದಲ್ಲಿ ಒಂದು ತಟ್ಟೆ ಉಪ್ಪಿಟ್ಟು. ಮಾರುಕಟ್ಟೆ ಮುಚ್ಚಿದ ಮೇಲೆ ಅದನ್ನು ನಾನು ತಿನ್ನುತ್ತಿದ್ದೆ, ಇರುವೆ ಬರುತ್ತವೆಂಬ ಕಾರಣಕ್ಕೆ. ಶನಿವಾರ, ಭಾನುವಾರ ಬಾಣ ಅಲುಗದಿದ್ದರೆ “ರಜ” ಎನ್ನುತ್ತಿದ್ದರು.

ಆ ಬಾಣ ನಿಂತರೆ, ಅವರ ಮಗ ಸತ್ತನೆಂದು ನಾನು ಎರಡನೇ ಸಲ ಹೇಳಬೇಕಾಗುತ್ತಿತ್ತು. ಒಂದು ಸಲ ಹೇಳಿದ್ದೇನೆ, ಆಸ್ಪತ್ರೆಯಿಂದ ಬಂದು, ಚಪ್ಪಲಿ ಬಿಡುವ ಮೊದಲು. ಆದ್ದರಿಂದ ‘ವೈ’ ಒತ್ತಿದೆ. ಒಟ್ಟು ಇಪ್ಪತ್ತಮೂರು ಬೆಳಿಗ್ಗೆ.

4. ಈ ಅವಧಿಯಲ್ಲಿ ಹನ್ನೊಂದು ಗಂಟೆಗೆ ಕೈ ಹಾಕುವವರು ಯಾರೂ ಇರಲಿಲ್ಲ. ಆದಕಾರಣ ಪ್ರೋಗ್ರಾಮು ಮೊದಲ ಬಾರಿಗೆ ಲಾಭ ಮಾಡಿತು. ಆದಕಾರಣ ತಾವು ‘ವ್ಯವಹಾರದಲ್ಲಿ ತೋರಿದ ಸಂಯಮಕ್ಕಾಗಿ’ ನನ್ನ ಪತಿಗೆ ಉಲ್ಲೇಖ (2) ಕಳುಹಿಸಿದಿರಿ. ಬದುಕಿದ್ದಾಗ ಅವರಿಗೆ ಯಾರೂ ಇಂಥ ಪತ್ರ ಬರೆದಿರಲಿಲ್ಲ. ಅತ್ತೆ ಅದನ್ನು ದೇವರ ಗೂಡಿನಲ್ಲಿಟ್ಟರು.

ಅದಾದ ಮೇಲೆ ಹೆದರಿಕೆಯಾಯಿತು. ಜುಲೈ 21ರಂದು ಮರಣ ಪ್ರಮಾಣಪತ್ರದೊಂದಿಗೆ ತಮ್ಮ ಶಾಖೆಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ. ತಮ್ಮ ಸಿಬ್ಬಂದಿ ಚನ್ನಕೇಶವ ಅವರು ಪ್ರಮಾಣಪತ್ರ ನೋಡಿ, ಪರದೆ ನೋಡಿ, ಪುನಃ ಪ್ರಮಾಣಪತ್ರ ನೋಡಿದರು.

“ಮೇಡಂ, ನಿನ್ನೆ ತಾನೆ ಎರಡು ಲಾಟ್ ಡಾಲರ್ ಮಾರಿದಾರಲ್ಲ ಸಾರು?”

“ತೀರಿಕೊಂಡಿದಾರೆ. ಜೂನ್ ಹನ್ನೆರಡಕ್ಕೆ.”

“ತಪ್ಪು ತಿಳ್ಕೋಬೇಡಿ. ನಮ್ಮ ಸಿಸ್ಟಮ್ ಪ್ರಕಾರ ಜೂನ್ ಹನ್ನೆರಡು ಆದ್ಮೇಲೇನೇ ಅವರು ಸರಿಹೋಗಿರೋದು.”

ಖಾತೆ ಮುಚ್ಚುವ ನಮೂನೆ ಕೊಟ್ಟರು. ಅದರಲ್ಲಿ ‘ಖಾತೆದಾರರ ಖುದ್ದು ಸಹಿ’ ಎಂಬ ಕಾಲಂ ಇದೆ. ಏನು ಮಾಡಲಿ ಎಂದೆ. “ಹತ್ತು ನಿಮಿಷದ ಕೆಲ್ಸ ಮೇಡಂ. ಅವರನ್ನೇ ಒಂದ್ಸಲ ಕಳಿಸ್ಬಿಡಿ” ಎಂದರು.

5. ಮರುದಿನ ಬೆಳಿಗ್ಗೆ ಧೈರ್ಯ ಮಾಡಿ, ಇಲ್ಲ ಎನ್ನುವ ‘ಎನ್’ ಒತ್ತಿದೆ. ಪರದೆಯ ಮೇಲೆ ಹೀಗೆ ಬಂತು: “ಸುಳ್ಳು. ಇಲ್ಲದವರು ಕೀಲಿ ಒತ್ತುವುದಿಲ್ಲ. ಸರಿಯಾಗಿ ಹೇಳಿ, ಇದ್ದೀರಾ?”

ಇದನ್ನು ಬರೆದು ಅವರು ಒಬ್ಬರೇ ನಕ್ಕಿರಬೇಕು. ನನಗೆ ಹೇಳಿರಲಿಲ್ಲ. ‘ವೈ’ ಒತ್ತಿದೆ.

6. ಈ ಹಂತದಲ್ಲಿ ನಲ್ಲಪ್ಪನವರ ವಿಷಯ ಹೇಳಬೇಕಾಗಿದೆ. ಇವರು ನಮ್ಮ ಬೀದಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವರು. ನಮ್ಮ ಬೀದಿಗೆ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಕರೆಂಟ್ ಇರುವುದಿಲ್ಲ. ನನ್ನ ಪತಿ ಹಳೆಯದೊಂದು ಇನ್ವರ್ಟರ್ ತಂದು, ಅದಕ್ಕೆ ನಲ್ಲಪ್ಪನವರಿಂದ ‘ಎರಡು ದಿನಕ್ಕೆ’ ಎಂದು ಯುಗಾದಿಯಲ್ಲಿ ಬ್ಯಾಟರಿ ತಂದಿದ್ದರು. ಒಂಬತ್ತು ಗಂಟೆಯ ಪ್ರಶ್ನೆ ಹುಟ್ಟುತ್ತಿದ್ದುದೇ ಆ ಬ್ಯಾಟರಿಯಿಂದ. ತಿಥಿಯಾದ ಮೇಲೆ ನಲ್ಲಪ್ಪನವರು ವಾರಕ್ಕೆರಡು ಸಲ ಬಂದು, ನೀರು ಕುಡಿದು, ಮೇಜಿನ ಕೆಳಗೆ ನೋಡಿ, “ಸುಮ್ನೆ ಬಂದೆ” ಎಂದು ಹೋಗುತ್ತಿದ್ದರು. ಸಾವಾದ ಮನೆಯಲ್ಲಿ ಕೇಳುವುದು ಹೇಗೆ?

ನಿನ್ನೆ ಸಂಜೆ ಅತ್ತೆಯೇ ಕೇಳಿದರು.

“ಏನ್ ನಲ್ಲಪ್ಪ, ಬಂದಾಗೆಲ್ಲ ಮೇಜಿನ ಕೆಳಗೇನು ಹುಡುಕ್ತೀಯಾ?”

“ಏನಿಲ್ಲ ರಾಧಕ್ಕ. ಭಾನುವಾರ ನಾಗರ ಪಂಚಮಿ. ವಿದುರಾಶ್ವತ್ಥದಲ್ಲಿ ಮೈಕು ನಮ್ದೇ. ಇರೋದೊಂದು ಬ್ಯಾಟರಿ ಸಾಲಲ್ಲ. ಅಚ್ಚಪ್ಪ ಇಸ್ಕೊಂಡಿದ್ದ... ಪೋನೀಲೆ ಅಕ್ಕ, ಹೋಗ್ಲಿ ಬಿಡು, ಇನ್ನೆಲ್ಲಾದ್ರೂ ನೋಡ್ಕೋತೀನಿ.”

ಅತ್ತೆ ಪರದೆ ನೋಡಿದರು. ಐದು ಗಂಟೆಯಾಗಿತ್ತು, ಬಾಣ ನಿಂತಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ಕಂಡೋರ ಸಾಮಾನು ಇಟ್ಕೊಂಡು ಕೂತಿದಾನಲ್ಲೇ. ಅದಕ್ಕೇ ಹೋಗೋಕಾಗ್ತಿಲ್ಲ ಅವ್ನಿಗೆ.”

ನಲ್ಲಪ್ಪನವರು ಕೂಡಲೇ ಬ್ಯಾಟರಿಗೆ ಕೈ ಹಾಕಿದರು. ಅತ್ತೆ ತಡೆದರು.

“ಬೆಳಿಗ್ಗೆ ಬಾರಪ್ಪ. ಇಸ್ಕೊಂಡಿದ್ದನ್ನ ಖಾಲಿ ಕಳಿಸ್ಬಾರ್ದು.”

ಆದ್ದರಿಂದ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದೆ. ಇಂದು ಬೆಳಿಗ್ಗೆ ಎಂಟೂವರೆಗೆ, ಒಂದು ಕಡೆ ನಲ್ಲಪ್ಪನವರು, ಒಂದು ಕಡೆ ನಾನು ಹಿಡಿದು ಅವರ ಟಿವಿಎಸ್ ಮೇಲಿಟ್ಟೆವು. ಚಾರ್ಜಿನ ಮೇಲೆ ನಂಬಿಕೆಯಿಲ್ಲದ ಅತ್ತೆ ಒಂದು ಅಚ್ಚು ಬೆಲ್ಲವನ್ನೂ ಕಾಗದದಲ್ಲಿ ಕಟ್ಟಿ ಅದರ ಮೇಲಿಟ್ಟರು. ಒಂಬತ್ತಾಯಿತು. ಪರದೆ ಏನೂ ಕೇಳಲಿಲ್ಲ. ಅತ್ತೆ ಉಪ್ಪಿಟ್ಟನ್ನು ಎರಡೇ ತಟ್ಟೆಗೆ ಹಾಕಿದರು. ಬಿಸಿಯಿರುವಾಗಲೇ ತಿಂದೆವು.

ಆದ್ದರಿಂದ, ಮಾನ್ಯರು ದಯಮಾಡಿ,

(ಅ) ನನ್ನ ಪತಿ ಜೂನ್ 12ರಂದೇ ತೀರಿಕೊಂಡರೆಂದು ಒಪ್ಪಿಕೊಳ್ಳುವುದು;

(ಆ) ಆ ನಂತರದ ವ್ಯಾಪಾರಕ್ಕೆ ‘ವೈ’ ಒತ್ತಿದ ನಾನೇ ಹೊಣೆಯಾದ ಕಾರಣ, ಲಾಭವನ್ನೂ ನನ್ನನ್ನೂ ನಿಯಮದಂತೆ ವಿಚಾರಿಸಿಕೊಳ್ಳುವುದು; ಅಭಿನಂದನಾ ಪತ್ರವನ್ನು ಮಾತ್ರ ವಾಪಸು ಕೇಳದಿರುವುದು;

(ಇ) ಇಂದಿನಿಂದ ನನ್ನ ಪತಿಯಿಂದ ವ್ಯಾಪಾರ ಬಾರದಿರುವುದನ್ನು ಕಂಡು, ‘ಸಾರ್ ಹುಷಾರಾಗಿದಾರಾ’ ಎಂದು ವಿಚಾರಿಸಲು ಚನ್ನಕೇಶವ ಅವರು ಮನೆಗೆ ಫೋನ್ ಮಾಡದಂತೆ ನೋಡಿಕೊಳ್ಳುವುದು. ಫೋನ್ ಎತ್ತುವವರು ಅತ್ತೆ.

ಇಷ್ಟು ದಿನ ಇನ್ನೊಬ್ಬರ ಪರವಾಗಿ ‘ಇದ್ದೇನೆ’ ಎಂದ,
ತಮ್ಮ ವಿಶ್ವಾಸಿ,
(ಸಹಿ) ಅಪೇಕ್ಷಾ

ಲಗತ್ತುಗಳು:
1. ಮರಣ ಪ್ರಮಾಣಪತ್ರದ ಪ್ರತಿ.
2. ಖಾತೆ ಮುಚ್ಚುವ ನಮೂನೆ. ಖುದ್ದು ಸಹಿಯ ಕಾಲಂ ಖಾಲಿ ಬಿಟ್ಟಿದೆ.
3. ಬ್ಯಾಟರಿ ವಾಪಸು ಬಂದಿದೆ ಎಂದು ನಲ್ಲಪ್ಪನವರು ಬರೆದುಕೊಟ್ಟ ಚೀಟಿ. ಬೆಲ್ಲವೂ ತಲುಪಿದೆ ಎಂದು ಕೆಳಗೆ ಸೇರಿಸಿದ್ದಾರೆ.