ನಗರ ಯೋಜನೆಗೆ ಅರ್ಜಿ ಎಲ್ಲಿ ಕೊಡಬೇಕು?

ನನ್ನ ಅಕ್ಕನ ಮಗಳ ಜತೆ ಶಿರಸಿ ಪೇಟೆಗೆ ಹೋಗುವ ಧೈರ್ಯ ನಿಮಗಿದೆಯೆ? ನನಗಂತೂ ಇಲ್ಲ! ತರಕಾರಿ ತರಲೆಂದು ಹೊರಟರೆ ತರಕಾರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮನೆಗೆ ಬರುತ್ತದೆ. ಚರಂಡಿಯ ಅಗಲ, ಫುಟ್‌ಪಾತಿನ ಎತ್ತರ, ಎಮ್ಮೆಯೊಂದು ರಸ್ತೆ ದಾಟಲು ತೆಗೆದುಕೊಂಡ ಸಮಯ, ಎಲ್ಲವೂ ಅವಳ ನೋಟ್‌ಬುಕ್ಕಿನಲ್ಲಿ ಭದ್ರ.

ಒಮ್ಮೆ ಚಪ್ಪಲಿ ಅಂಗಡಿಯೊಂದರ ಮುಂದೆ ಟೇಪು ಹಿಡಿದು ಕುಕ್ಕರುಗಾಲಲ್ಲಿ ಕುಳಿತಳು. ಅಂಗಡಿಯವರು ಇವಳನ್ನು ನಗರಸಭೆಯವಳೆಂದುಕೊಂಡರು. ಹೊರಗೆ ತೂಗುಹಾಕಿದ್ದ ಚಪ್ಪಲಿಗಳನ್ನೆಲ್ಲ ದಡಬಡ ಒಳಗೆಳೆದುಕೊಂಡರು. ರಸ್ತೆ ಅಗಲ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿ, ಪಕ್ಕದ ಬಕೆಟ್ ಅಂಗಡಿ, ಅದರಾಚೆಯ ಹಣ್ಣಿನ ಅಂಗಡಿ, ಎಲ್ಲವೂ ಐದೇ ನಿಮಿಷದಲ್ಲಿ ಒಂದೊಂದು ಮಾರು ಹಿಂದೆ ಸರಿದವು!

“ಥೋ ಚಿಕ್ಕಿ, ಈಗ ಮತ್ತೆ ಮೊದ್ಲಿಂದ ಅಳೆಯವು” ಎಂದು ಇವಳು ನನ್ನ ಮೇಲೇ ಸಿಡುಕಿದಳು.

ಇವಳು ಈ ವಿದ್ಯೆಗೆ ಬಿದ್ದದ್ದೂ ಒಂದು ಕಥೆ. ಬಿ.ಎಸ್ಸಿ. ಮುಗಿಸಿ ಎಲ್ಲರಂತೆ ಬಿ.ಎಡ್. ಮಾಡುತ್ತಾಳೆಂದು ನಾವು ನಂಬಿದ್ದೆವು. ಅರ್ಜಿ ಕೊಡಲು ಸಿದ್ದಾಪುರಕ್ಕೆ ಹೊರಟವಳು ದಾರಿಯ ತಂಗುದಾಣದಲ್ಲಿ ಬಸ್ಸಿಗೆ ಕಾದಳು. ಬೆಂಚು ಖಾಲಿ, ಜನ ಮಾತ್ರ ಬಿಸಿಲಲ್ಲಿ ನಿಂತಿದ್ದಾರೆ! ಯಾಕಿರಬಹುದು? ಬೆಂಚಿನ ಮೇಲೆ ಕೂತು ನೋಡಿದಳು. ಅಲ್ಲಿ ಕೂತರೆ ಬರುವ ಬಸ್ಸು ಕಾಣುವುದಿಲ್ಲ ಎಂಬುದು ಹೊಳೆಯುವಷ್ಟರಲ್ಲಿ ಬಸ್ಸು ಬಂದು ಹೋಗಿತ್ತು. ಬೆಂಚು ಎಲ್ಲಿಡಬೇಕೆಂಬುದಕ್ಕೂ ಒಂದು ಓದಿದೆಯೆಂದು ಹುಡುಕಿ ತೆಗೆದು, ಬಿ.ಎಡ್. ಬಿಟ್ಟೇಬಿಟ್ಟಳು. ಬಸ್ಸು ತಪ್ಪಿಸಿಕೊಂಡು ಸ್ನಾತಕೋತ್ತರ ಪದವಿಗೆ ಸೇರಿದವಳು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇವಳೊಬ್ಬಳೇ ಇರಬೇಕು!

ಏನು ಓದುತ್ತಿದ್ದಾಳೆಂದು ನೆಂಟರಿಗೆ ತಿಳಿಸುವುದೇ ದೊಡ್ಡ ಕಷ್ಟ. ಮದುವೆಮನೆಯ ಪಂಕ್ತಿಯಲ್ಲಿ ಹುಲಗೋಳದ ಮಾವ ಕೇಳಿದರು, “ಎಂತ ಓದ್ತಾ ಇದ್ದೆ ಕೂಸೆ?”

“ನಗರ ಯೋಜನೆ, ಮಾವ.”

“ಹೌದನ! ಹಳ್ಳಿಯವ್ಕೆ ಸಿಕ್ತಿಲ್ಯ ಅದು? ಅರ್ಜಿ ಎಲ್ಲಿ ಕೊಡವು?”

ಅವರದೇನು ತಪ್ಪು? ನಮ್ಮ ಕಡೆ ಯೋಜನೆ ಎಂದರೆ ಸರ್ಕಾರ ಕೊಡುವುದು, ನಾವು ತೆಗೆದುಕೊಳ್ಳುವುದು. ಅದನ್ನು ಓದುವವರೂ ಇರುತ್ತಾರೆಂದು ಯಾರಿಗೆ ಗೊತ್ತು!

ಕಳೆದ ಮಳೆಗಾಲ ಯಲ್ಲಾಪುರದ ಅಂಚಿನ ಕೇರಿಯೊಂದರಲ್ಲಿ ಮನೆಮನೆಗೆ ಹೋಗಿ, ನಿಮಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳುವ ಕಾಲೇಜಿನ ಕೆಲಸ ಬಂತು. ಅದರ ಮೇಲೇ ಅವಳ ಪದವಿ ನಿಂತಿತ್ತು. ಎರಡನೆಯ ದಿನ ಚೀಲ ತುಂಬಾ ಕಾಗದ ಹೊತ್ತು ಬಂದಳು. ನೋಡಿದರೆ ಎಲ್ಲವೂ ಅರ್ಜಿ! ಫೋಟೋ ಅಂಟಿಸಿ, ಆಧಾರ್ ಜೆರಾಕ್ಸ್ ಪಿನ್ ಮಾಡಿ, ‘ನಗರ ಯೋಜನೆ ಮೇಡಮ್ ಅವರಿಗೆ’ ಎಂದು ಕೇರಿಯವರು ಬರೆದುಕೊಟ್ಟಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಗಲಿಲ್ಲ. ಒಂದು ಅರ್ಜಿಯನ್ನು ನನ್ನ ಮುಂದಿಟ್ಟಳು.

ಬರೆಸಿದವಳು ಒಬ್ಬ ಅಜ್ಜಿ. ಮಗಳ ಮನೆ ಹಳ್ಳದ ಆಚೆ ದಡದಲ್ಲೇ ಇದೆ. ಮಳೆಗಾಲದಲ್ಲಿ ದಾಟಲಾಗುವುದಿಲ್ಲ, ಸುತ್ತು ಹಾಕಲು ಕಾಲಿನಲ್ಲಿ ಶಕ್ತಿಯಿಲ್ಲ. ನಾಲ್ಕು ತಿಂಗಳು ತಾಯಿ ಮಗಳು ದಡದಿಂದ ದಡಕ್ಕೆ ಕೂಗಿಯೇ ಮಾತಾಡುತ್ತಾರೆ. ಒಂದು ಕಾಲುಸಂಕ, ನಡೆದು ದಾಟುವಷ್ಟು ಪುಟ್ಟ ಸೇತುವೆ ಬೇಕು.

“ಅವ್ಕೆ ಸುಳ್ಳು ಹೇಳ್ದಾಂಗಾತು ಚಿಕ್ಕಿ. ಯನ್ನ ಕೈಲಿ ಎಂತ ಇದ್ದು? ಈ ಓದೇ ಬ್ಯಾಡ ಯಂಗೆ” ಎಂದಳು. ಊಟಕ್ಕೂ ಏಳಲಿಲ್ಲ.

ಮರುದಿನ ಅರ್ಜಿಗಳನ್ನು ಹಿಂದಿರುಗಿಸಲು ಹೊರಟಳು. ಬೈಗುಳ ಬಿದ್ದರೆ ಪಾಲು ಹಂಚಿಕೊಳ್ಳೋಣವೆಂದು ನಾನೂ ಹೋದೆ. ಅಜ್ಜಿಯ ಮುಂದೆ ತಲೆ ತಗ್ಗಿಸಿ, “ನಾನು ಯೋಜನೆ ತಂದವಳಲ್ಲ ಅಜ್ಜಿ, ಬರೀ ಓದ್ತಾ ಇರೋಳು” ಎಂದು ಅರ್ಜಿ ಚಾಚಿದಳು.

ಅಜ್ಜಿ ಅದನ್ನು ಮುಟ್ಟಲಿಲ್ಲ. “ಓದಾಕತ್ತೀ ಅಲ್ಲವ್ವ? ಓದು ಮತ್ತ. ಈ ಹಾಳಿ ನಿನ್ ಹತ್ರನ ಇರ್ಲಿ. ನಮ್ಮನಿ ಬಾಗ್ಲಿಗೆ ಬಂದು ಏನ್ ಬೇಕಂತ ಕೇಳ್ದಾಕಿ ನೀ ಒಬ್ಬಾಕಿನ” ಎಂದಳು.

ನನ್ನ ಹುಡುಗಿ ಆ ಕಾಗದವನ್ನು ಮಡಚಿ ಪುಸ್ತಕದೊಳಗಿಟ್ಟುಕೊಂಡಳು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ಅಜ್ಜಿ ದಡಕ್ಕೆ ಹೋಗಿ, ಕೆಂಪು ನೀರಿನ ಸದ್ದನ್ನೂ ಮೀರಿ, ಆಚೆ ನಿಂತ ಮಗಳಿಗೆ ಕೂಗಿದಳು:

“ಏ, ಇಲ್ಲಿ ನೋಡ! ಈ ಹುಡುಗಿ ನಮ್ ಸಂಕದ ಸಲುವಾಗಿ ಓದಾಕತ್ತಾಳ!”