ನಲವತ್ತೊಂದನೇ ಟ್ಯೂಬು

ಇಣುಕಬಾರದೆಂಬ ನಿಯಮವನ್ನು ಟೈಪು ಮಾಡಿದವನೇ ಇಣುಕಿದ. ಗ್ರಹಚಾರ ಅಲ್ಲಿಂದಲೇ ವಕ್ಕರಿಸಿತು.

ಪಾರ್ಕಿನ್ಸನ್ ಕಾಯಿಲೆ ಯಾರಿಗೆ ಬರಬಹುದೆಂದು ವಂಶವಾಹಿಗಳನ್ನು ಜಾಲಾಡಿ ಹೇಳುವ ಸಂಶೋಧನಾಲಯ ಅದು. ಹತ್ತು ಸಾವಿರ ಜನರ ಎಂಜಲು ಹತ್ತು ಸಾವಿರ ಟ್ಯೂಬುಗಳಲ್ಲಿತ್ತು. ಹೆಸರಿಲ್ಲ, ಬರೀ ನಂಬರು. ಹೋಲಿಕೆಗೆಂದು ಸಿಬ್ಬಂದಿಯೂ ಉಗಿದುಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಈ ಮಾಹಿತಿಯನ್ನೆಲ್ಲ ಸಂಭಾಳಿಸುತ್ತಿದ್ದವನಿಗೆ, "ಒಂದು ಪಾಯಿಂಟ್ ಏಳು ನಿಮಿಷದಲ್ಲಿ ಬರ್ತೀನಿ" ಎನ್ನುವ ಚಟದಿಂದಾಗಿ ದಶಮಾಂಶ ಎಂದೇ ಹೆಸರು. ಒಂಬತ್ತು ವರ್ಷ ಕಾದು ಕಿಟಕಿ ಪಕ್ಕದ ಕುರ್ಚಿ ಗಿಟ್ಟಿಸಿಕೊಂಡಿದ್ದ. ತನ್ನ ಟ್ಯೂಬು ನಲವತ್ತೊಂದು ಎಂಬುದು ನೆನಪಿತ್ತು. ಅಂದು ಬೆಳಿಗ್ಗೆ, ತಾನೇ ಟೈಪು ಮಾಡಿದ ನಿಯಮ ಮರೆತು ತನ್ನ ನಂಬರು ಇಣುಕಿದರೆ, ಅಪಾಯದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಲವತ್ತೊಂದು!

ಕೈಯಲ್ಲಿದ್ದ ಚಹಾ ಲೋಟ ತುಳುಕಿತು. ಟ್ಯೂಬುಗಳ ಉಸ್ತುವಾರಿಯ ಅಕ್ಕ ಅದನ್ನು ಕಂಡಳು. ಅವಳು ಕಂಡಳೆಂದರೆ ಕಟ್ಟಡವೇ ಕಂಡಂತೆ.

ಅವನ ಬಾಯಿಬಿಡಿಸಿ, ಸೋಪೊಂದನ್ನು ತಂದು ಮೂಗಿಗೆ ಹಿಡಿದಳು. "ಈ ಕಾಯಿಲೇಲಿ ಮೊದಲು ಹೋಗೋದೇ ವಾಸನೆ. ಮೂಸು!"

"ಏನೂ ಬರ್ತಿಲ್ಲ ಅಕ್ಕಾ... ಮೂರು ದಿನದಿಂದ ನೆಗಡಿ."

"ಎಲ್ರೂ ಹಾಗೇ ಅಂದ್ಕೊಂಡಿರ್ತಾರೆ, ಪಾಪ."

ಈ ಕಾಯಿಲೆಯವರು ನಡೆಯುವಾಗ ಕೈ ಬೀಸುವುದಿಲ್ಲವೆಂದು ಕೇಳಿದ್ದ ಕಾವಲುಗಾರ ಅವನನ್ನು ವರಾಂಡದಲ್ಲಿ ನಡೆಸಿ ನೋಡಿದ. ಇಪ್ಪತ್ತು ಜನ ನೆಟ್ಟ ನೋಟದಲ್ಲಿ ನಿಂತಿರುವಾಗ ಕೈ ಬೀಸುವುದು ಹೇಗೆಂದೇ ದಶಮಾಂಶನಿಗೆ ಮರೆತುಹೋಯಿತು. ಬಟ್ಟೆ ಅಂಗಡಿಯ ಬೊಂಬೆಯಂತೆ ನಡೆದ. "ಅಯ್ಯೋ, ಮುಗೀತು" ಎಂದ ಕಾವಲುಗಾರ.

ಮಧ್ಯಾಹ್ನ ಮುಖ್ಯಸ್ಥರು ಕರೆಸಿ ಹೆಗಲ ಮೇಲೆ ಕೈಯಿಟ್ಟರು. "ಇದು ಬರೀ ಸಾಧ್ಯತೆ ಕಣಯ್ಯ, ನಗ್ತಾ ತಗೋಬೇಕು. ಆದ್ರೆ ನಡುಗೋ ಕೈಗೆ ಮಾಹಿತಿ ಒಪ್ಪಿಸೋದು ಹೇಗೆ? ನಾಳೆಯಿಂದ ನೆಲಮಾಳಿಗೇಲಿ ಹಳೇ ಕಡತ ನೋಡ್ಕೋ."

ಕಾಯಿಲೆಗಿಂತ ಕುರ್ಚಿ ಹೋದದ್ದಕ್ಕೇ ಅವನ ಹೊಟ್ಟೆ ಉರಿಯಿತು. ಸಾಮಾನು ಕಟ್ಟುವ ಮುನ್ನ ಪಟ್ಟಿಯನ್ನು ಕೊನೆಯ ಬಾರಿ ತೆರೆದ. ನಲವತ್ತೊಂದರ ಮುಂದೆ ವಯಸ್ಸು ಐವತ್ತೊಂಬತ್ತು ಎಂದಿತ್ತು. ಅವನಿಗಿನ್ನೂ ಮೂವತ್ತೆಂಟು! ಆಗ ತಲೆಗೆ ಹೊಳೆಯಿತು: ಹೋದ ವಾರ ಕೈತಪ್ಪಿ ನಂಬರುಗಳ ಕಾಲಮನ್ನಷ್ಟೇ ತಲೆಕೆಳಗು ಮಾಡಿ, ವಯಸ್ಸು, ಅಪಾಯದ ಕಾಲಮುಗಳನ್ನು ಇದ್ದಲ್ಲೇ ಬಿಟ್ಟಿದ್ದ. ಒಬ್ಬರ ಕಾಯಿಲೆ ಇನ್ನೊಬ್ಬರ ತಲೆಗೆ. ಹಳೆಯ ಪ್ರತಿ ತೆಗೆದು ಸರಿಯಾಗಿ ಜೋಡಿಸಿದ. ನಲವತ್ತೊಂದು ಪಟ್ಟಿಯ ತಳಕ್ಕೆ ಇಳಿಯಿತು.

ಕುಣಿಯುತ್ತಲೇ ಮುಖ್ಯಸ್ಥರ ಕೋಣೆಗೆ ನುಗ್ಗಿದ. "ಸಾರ್, ನಂಗೇನಿಲ್ಲ! ಮೇಲಿರೋದು ಒಂದನೇ ನಂಬರು!"

ಒಂದನೇ ಟ್ಯೂಬಿಗೆ ಉಗಿದವರು ಯಾರೆಂದು ಎಲ್ಲರಿಗೂ ಗೊತ್ತು. ತಾವು ಉಗಿಯುತ್ತಿರುವ ಫೋಟೋಗೆ ಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕಿದ್ದರು, ಸ್ವತಃ ಮುಖ್ಯಸ್ಥರು.

ಅವರ ಕೈಯಲ್ಲಿದ್ದ ಚಹಾ ಕಪ್ ಸಾಸರಿನ ಮೇಲೆ ಗಡಗಡ ಎಂದಿತು.

"ಬರೀ ಸಾಧ್ಯತೆ ಸಾರ್, ನಗ್ತಾ..." ಎಂದು ದಶಮಾಂಶ ತೊದಲಿದ.

ಮುಖ್ಯಸ್ಥರು ನಗಲಿಲ್ಲ. ಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಕರುಣೆಯಿಂದ ತಲೆಯಾಡಿಸಿದರು.

"ಈಗ ಜೋಡಿಸಿದ್ದು ನೀನೇ ತಾನೆ? ಈ ಕೈಯಲ್ಲೇ? ನಡುಗಿ ಎಲ್ಲ ಅದಲುಬದಲಾಗಿದೆ, ಪಾಪ. ಬೆಳಗಿನ ಪಟ್ಟೀನೇ ಸರಿ. ವರದಿ ಹಾಗೇ ಹೋಗ್ಲಿ. ನೀನು ನಾಳೆವರೆಗೂ ಕಾಯ್ಬೇಡ, ಈಗ್ಲೇ ಕೆಳಗೆ ಹೋಗು."

ನೆಲಮಾಳಿಗೆಯ ಬಾಗಿಲು ತೆರೆದ. ಅಷ್ಟರಲ್ಲಿ ನೆಗಡಿಯಿಂದ ಕಟ್ಟಿದ್ದ ಅವನ ಮೂಗು ಬಿಟ್ಟಿತು. ಕೊಳೆತ ಕಾಗದ, ಹಲ್ಲಿ, ಸತ್ತ ಇಲಿ, ಒಂದೊಂದೂ ಬೇರೆಬೇರೆಯಾಗಿ, ದಶಮಾಂಶವೂ ತಪ್ಪದೆ ಮೂಗಿಗೆ ಬಡಿಯಿತು. ವಾಸನೆ ಬರುತ್ತಿದೆ ಎಂದು ಹೇಳೋಣವೆಂದರೆ ಅಲ್ಲಿ ಯಾರೂ ಇರಲಿಲ್ಲ.