ಆಕ್ಸ್‌ಫರ್ಡಿನಲ್ಲಿ ನಾನು ತೆಗೆದ ಗ್ರೂಪ್ ಫೋಟೋ

ಜೇವರ್ಗಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆಯಲ್ಲಿ ಮುನಿಸಿಕೊಂಡ ಬೀಗರನ್ನೂ ಒಂದೇ ಫ್ರೇಮಿನಲ್ಲಿ ನಿಲ್ಲಿಸಿ ನಗಿಸಿದವನು ನಾನು. ಇನ್ನು ಆಕ್ಸ್‌ಫರ್ಡ್ ಯಾವ ಲೆಕ್ಕ!

ಹೆಂಡತಿ ಶಾಂತಾ ತೊಗರಿ ರೋಗಗಳ ವಿಜ್ಞಾನಿ. ಅಲ್ಲಿನ ಸಮ್ಮೇಳನವೊಂದರಲ್ಲಿ ಅವಳ ಭಾಷಣವಿತ್ತು. ನಾನೂ ಜೊತೆಗೆ ಹೊರಟಿದ್ದೆ.

"ಊರು ತಿರುಗಾಡಿ ಫೋಟೋ ತಕ್ಕೋರಿ. ಆದ್ರ ಊಟ ಆದಮ್ಯಾಲ ಸಭಾದಾಗ ಇರಬೇಕ್ ನೋಡ್ರಿ. ನಾ ಮಾತಾಡೋದು ಕೊಳಕೂರಾಗಿರೋ ನಮ್ಮ ಅವ್ವಗ ತೋರಿಸ್ಬೇಕು," ಎಂದಳು.

"ಮಂದಿ ಲಗ್ನಾ ಎಲ್ಲಾ ತಗದೇನಿ. ನಿಂದು ಬಿಡ್ತೇನೇನು?"

ಹೊರಟೆ. ಜೇನು ಬಣ್ಣದ ಕಲ್ಲಿನ ಗೋಡೆ, ಚೂಪು ಗೋಪುರ, ಕಲ್ಲು ಹಾಸಿದ ಗಲ್ಲಿ, ಗೋಡೆಗೊರಗಿದ ಸೈಕಲ್ಲುಗಳು. ಕ್ಲಿಕ್! ಕ್ಲಿಕ್! ತೆಗೆದದ್ದನ್ನು ತಿರುಗಿ ನೋಡುವ ಚಟ ನನಗಿಲ್ಲ. ಅದು ಹೊಸಬರ ಕೆಲಸ.

ಒಂದು ಕಾಲೇಜಿನ ಬಾಗಿಲಲ್ಲಿ ಕರಿ ನಿಲುವಂಗಿ ತೊಟ್ಟ ಹುಡುಗ ಹುಡುಗಿಯರು ಅಡ್ಡಾದಿಡ್ಡಿ ನಿಂತಿದ್ದರು. ಕೈ ಸುಮ್ಮನಿರಲಿಲ್ಲ. ಎತ್ತರದವನನ್ನು ಹಿಂದೆ ಸರಿಸಿದೆ. ಒಬ್ಬಳಿಗೆ ಗದ್ದ ತಗ್ಗಿಸಲು ಸನ್ನೆ ಮಾಡಿದೆ. ಕೆಂಪು ನಿಲುವಂಗಿಯ ಹಿರಿಯರೊಬ್ಬರು ಓಡಿಬಂದು ಏನೋ ಕೇಳಿದರು. 'ಫೋಟೋಗ್ರಾಫರ್' ಎಂಬುದಷ್ಟೇ ತಿಳಿಯಿತು.

"ಯೆಸ್!" ಎಂದೆ. ಕೆಟ್ಟದ್ದು ಅಲ್ಲೇ.

ಕೈಹಿಡಿದು ಒಳಗೆ ಕರೆದೊಯ್ದರು. ಅಂಗಳದಲ್ಲಿ ಪದವಿ ಪಡೆದ ಇಡೀ ತಂಡ ಸಾಲುಸಾಲಾಗಿ ನಿಂತಿತ್ತು. ಸುತ್ತ ಅವರ ತಂದೆತಾಯಿಗಳು. ಆಗ ಹೊಳೆಯಿತು: ಗೊತ್ತುಮಾಡಿದ್ದ ಫೋಟೋಗ್ರಾಫರ್ ಬಂದಿಲ್ಲ, ನಾನೇ ಅವನೆಂದು ತಿಳಿದಿದ್ದಾರೆ! ಅಲ್ಲವೆನ್ನಲು ಬೇಕಾದಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ.

ಎಲ್ಲರೂ ಫ್ರೇಮಿಗೆ ಬರಲೆಂದು ಹಿಂದೆ ಹಿಂದೆ ಸರಿದೆ. ಜನ ಹೌಹಾರಿದರು. ನಾನು ಕಾಲಿಟ್ಟದ್ದು ಯಾರೂ ತುಳಿಯಬಾರದ ಹುಲ್ಲುಹಾಸಿನ ಮೇಲೆ! ಬೆವರುತ್ತಲೇ "ಸ್ಮೈಲ್ ಪ್ಲೀಸ್" ಎಂದು ಒತ್ತಿದೆ. ಪರದೆಯ ಮೇಲೆ ಕೆಂಪಕ್ಷರ ಮಿನುಗಿತು: ಕಾರ್ಡ್ ಇಲ್ಲ.

ಫೋಟೋಗಳೆಲ್ಲ ಉಳಿಯುವುದೇ ಆ ಮೆಮೊರಿ ಕಾರ್ಡಿನಲ್ಲಿ; ಹಿಂದಿನ ಸಂಜೆ ಅದನ್ನು ಶಾಂತಾಳ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೆ. ಅಲ್ಲೇ ಉಳಿದಿತ್ತು. ಗೋಪುರವೂ ಇಲ್ಲ, ಸೈಕಲ್ಲೂ ಇಲ್ಲ!

ಫೋನ್ ಬಂತು. "ಎಲ್ಲಿದ್ದೀರಿ? ಮುಂದಿನ ಸರದಿ ನಂದೇ ಅದ!"

"ಬರಾಕತ್ತೇನಿ!"

"ಭಾಳ ಗದ್ದಲ ಕೇಳಾಕತ್ತದ. ಯಾರ ಜೋಡಿ ಇದ್ದೀರಿ?"

"ಒಂದ್ ಇಡೀ ಬ್ಯಾಚ್ ಜೋಡಿ!"

ಅಷ್ಟರಲ್ಲಿ ಟ್ರೈಪಾಡ್ ಹೊತ್ತ ಅಸಲಿ ಫೋಟೋಗ್ರಾಫರ್ ಏದುಸಿರು ಬಿಡುತ್ತಾ ಬಂದ. ಎಲ್ಲರೂ ಅವನನ್ನು ನೋಡಿದರು. ಆಮೇಲೆ ನನ್ನನ್ನು. ಸದರಿ ಸನ್ನಿವೇಶದಲ್ಲಿ ಪಲಾಯನವೇ ಸೂಕ್ತವೆಂದು ತೀರ್ಮಾನಿಸಿ ಓಟ ಕಿತ್ತೆ. ಅದೂ ಅದೇ ಹುಲ್ಲಿನ ಮೇಲೆ!

ಗಲ್ಲಿಗಳೆಲ್ಲ ಒಂದೇ ಥರ. ದಾರಿ ತಪ್ಪಿ, ಕೇಳಿ, ಮತ್ತೆ ತಪ್ಪಿ ಸಭಾಂಗಣ ಮುಟ್ಟಿದಾಗ ಶಾಂತಾ ಮಾತು ಶುರುಮಾಡಿದ್ದಳು. ದನಿ ನಡುಗುತ್ತಿತ್ತು, ಕಣ್ಣು ಬಾಗಿಲ ಮೇಲಿತ್ತು. ನನ್ನನ್ನು ಕಂಡದ್ದೇ ಮುಖ ಅರಳಿತು. ಈಗ ಹೇಗೆ ಹೇಳಲಿ? ನೇರ ವೇದಿಕೆಯ ಮುಂದೆ ನಿಂತು ಖಾಲಿ ಕ್ಯಾಮೆರಾ ಎತ್ತಿ ಕ್ಲಿಕ್ಕಿಸುತ್ತಲೇ ಹೋದೆ. ಅವಳ ದನಿ ಗಟ್ಟಿಯಾಯಿತು. ಕೊನೆಗೆ ಚಪ್ಪಾಳೆಯೋ ಚಪ್ಪಾಳೆ!

ಹೊರಗೆ ಬಂದು, "ತೋರಿಸ್ರಿ," ಎಂದಳು. ಕ್ಯಾಮೆರಾದ ಖಾಲಿ ಹೊಟ್ಟೆ ತೆರೆದು ತೋರಿಸಿದೆ.

"ಮತ್ತ ಅಷ್ಟೊತ್ತು ಏನ್ ತಗದ್ರಿ?"

"ನಿನಗ ಧೈರ್ಯ ಬರ್ಲಿ ಅಂತ..."

ಕ್ಯಾಮೆರಾದ ಹೊಟ್ಟೆಯನ್ನು ಪಟ್ಟನೆ ಮುಚ್ಚಿ ಅವಳು ಮುಂದೆ ನಡೆದಳು.

ಆ ದಿನದ್ದು ಉಳಿದಿರುವುದು ಒಂದೇ ಫೋಟೋ. ಹಿಂದೆ ಕುಳಿತಿದ್ದ ಯಾರೋ ಫೋನಿನಲ್ಲಿ ತೆಗೆದು ಅವಳಿಗೆ ಕಳಿಸಿದ್ದರು. ಅದನ್ನು ದೊಡ್ಡದು ಮಾಡಿಸಿ ನನ್ನ ಸ್ಟುಡಿಯೋದಲ್ಲೇ ತೂಗುಹಾಕಿದ್ದಾಳೆ. ಅದರಲ್ಲಿರುವುದು ಶಾಂತಾಳ ಒಂದು ಕೈ ಮತ್ತು ನನ್ನ ಪೂರ್ತಿ ಬೆನ್ನು.

ಮೊನ್ನೆ ಮಗಳ ಮದುವೆಗೆ ಫೋಟೋದವರನ್ನು ಹುಡುಕಿಕೊಂಡು ಯಡ್ರಾಮಿಯಿಂದ ಗಿರಾಕಿಯೊಬ್ಬರು ಬಂದಿದ್ದರು. ಅದನ್ನೇ ಬಹಳ ಹೊತ್ತು ನೋಡಿದರು.

"ಬೆನ್ನು ಭಾಳ ಚಲೋ ಬಂದದ್ರಿ. ಇದನ್ನ ತಗದವ್ರ ನಂಬರ್ ಕೊಡ್ರಿ!"